ಕೆತ್ತನೆ ನಕಲು ಯಂತ್ರವನ್ನು ಚುರುಕುಗೊಳಿಸುವುದು: ದಪ್ಪ ಸ್ಟೈಲಸ್‌ನ ಲೆಕ್ಕ

ಕೆತ್ತನೆ ನಕಲು ಯಂತ್ರ ಎಂದರೆ ಒಂದೇ ತೋಳಿನಲ್ಲಿ ಈ ಕಡೆ ಸ್ಟೈಲಸ್ (ಮಾದರಿಯನ್ನು ಮುಟ್ಟಿ ಸವರುವ ಕಡ್ಡಿ), ಆ ಕಡೆ ರೌಟರ್ (ಬಿಟ್ ಎಂಬ ಕೊರೆಯುವ ಮೊನೆಯನ್ನು ತಿರುಗಿಸುವ ಯಂತ್ರ). ಸ್ಟೈಲಸ್ ಮಾದರಿಯ ಮೈ ಸವರಿದಂತೆ ಬಿಟ್ ಪಕ್ಕದ ಮರದಲ್ಲಿ ಅದನ್ನೇ ಕೊರೆಯುತ್ತದೆ. ಇದನ್ನು ಚುರುಕು ಮಾಡಲು ದೊಡ್ಡ ಮೋಟರ್ ಬೇಕು ಅಂತ ಮೊದಲು ಅನ್ನಿಸುತ್ತದೆ. ಹೊತ್ತು ತಿನ್ನುವುದು ಮೋಟರ್ ಅಲ್ಲ, ಸಾಲುಗಳ ಸಂಖ್ಯೆ. 200 ಮಿ.ಮೀ. ಅಗಲದ ಫಲಕವನ್ನು 1 ಮಿ.ಮೀ. ಅಂತರದಲ್ಲಿ ಸವರಿದರೆ ಸುಮಾರು 200 ಸಾಲು, 4 ಮಿ.ಮೀ. ಅಂತರದಲ್ಲಿ 50. ಸಣ್ಣ ಬಿಟ್ ಒಂದನ್ನೇ ನಂಬಿದರೆ ಆಳ ಒಂದೇ ಸಲಕ್ಕೆ ಸಿಗದೆ ಆ 200 ಸಾಲನ್ನು ಮತ್ತೆ ಮತ್ತೆ ಓಡಿಸಬೇಕು. ಆದ್ದರಿಂದ ದಪ್ಪ ಬಿಟ್‌ನಿಂದ ಒರಟು ಸುತ್ತು, ಆಮೇಲೆ ಸಣ್ಣದರಿಂದ ಒಂದೇ ನಯ ಸುತ್ತು.

ಒರಟು ಸುತ್ತಿನಲ್ಲಿ ಮೈಮೇಲೆ ಸ್ವಲ್ಪ ಮರ ಉಳಿಯಲು ಸ್ಟೈಲಸ್ ಬಿಟ್‌ಗಿಂತ ದಪ್ಪ ಇರಬೇಕು. ಎರಡರ ಮೂತಿಯೂ ದುಂಡಗಿದ್ದರೆ ಉಳಿಕೆ ಎಂದರೆ ತ್ರಿಜ್ಯಗಳ ವ್ಯತ್ಯಾಸ, ವ್ಯಾಸಗಳದ್ದಲ್ಲ. 12 ಮಿ.ಮೀ. ಬಿಟ್, 16 ಮಿ.ಮೀ. ಸ್ಟೈಲಸ್: 8 − 6 = 2 ಮಿ.ಮೀ.

ಇಲ್ಲಿವರೆಗೆ ಸುಲಭ. ನನ್ನ ತಲೆ ತಿಂದದ್ದು ಮುಂದಿನದು. ಸ್ಟೈಲಸ್ ಬದಲಿಸಿದ ಮೇಲೆ ಎರಡರ ತುದಿಯನ್ನೂ ಒಂದೇ ಮಟ್ಟಕ್ಕೆ ತಂದು ಬಿಗಿಯುವುದು ಸಹಜ ಅನ್ನಿಸುತ್ತದೆ. ಹಾಗೆ ಬಿಗಿದರೆ ಬದಿಗಳಲ್ಲಿ 2 ಮಿ.ಮೀ. ಉಳಿಯುತ್ತದೆ, ಸಮತಟ್ಟು ಜಾಗದಲ್ಲಿ ಸೊನ್ನೆ! ಇಳಿಜಾರಿನಲ್ಲಿ ಎರಡರ ನಡುವೆ ಎಲ್ಲೋ. ಕಾರಣ ಹೀಗೆ: ಸ್ಟೈಲಸ್ ಗುಂಡಿನ ಕೇಂದ್ರ ತನ್ನ ತುದಿಯಿಂದ 8 ಮಿ.ಮೀ. ಮೇಲಿದೆ, ಬಿಟ್‌ನದ್ದು 6. ತುದಿಗಳನ್ನು ಹೊಂದಿಸಿದಾಗ ಕೇಂದ್ರಗಳು 2 ಮಿ.ಮೀ. ತಪ್ಪಿದವು. ಉಳಿಕೆ ಎಲ್ಲ ಕಡೆ ಸಮ ಇರಬೇಕಾದರೆ ಹೊಂದಬೇಕಾದದ್ದು ಕೇಂದ್ರಗಳು. ಆಗ ಸ್ಟೈಲಸ್ ತುದಿ ಕೇಂದ್ರದಿಂದ 8 ಕೆಳಗೆ, ಬಿಟ್ ತುದಿ 6 ಕೆಳಗೆ, ಅಂದರೆ ಬಿಟ್ 2 ಮಿ.ಮೀ. ಮೇಲೆ ನಿಲ್ಲಬೇಕು.

ಅಳೆಯುವ ಗೋಜು ಬೇಡ. ಸ್ಟೈಲಸ್ ತುದಿಯನ್ನು ಸಮತಟ್ಟು ಹಲಗೆಗೆ ತಾಗಿಸಿ, ಅದೇ ಹಲಗೆಯ ಮೇಲೆ ಬಿಟ್‌ನ ಅಡಿಗೆ 2 ಮಿ.ಮೀ. ದಪ್ಪದ ತಗಡಿಟ್ಟು, ಬಿಟ್ ಅದಕ್ಕೆ ಮುಟ್ಟಿದಾಗ ಬಿಗಿಯಿರಿ. ಎಷ್ಟು ಉಳಿಕೆಯೋ ಅಷ್ಟು ದಪ್ಪದ ತಗಡು. ನಯ ಸುತ್ತಿನಲ್ಲಿ ಬಿಟ್, ಸ್ಟೈಲಸ್ ಎರಡೂ ಒಂದೇ ವ್ಯಾಸ, ತಗಡು ಬೇಡ. 16 ಮಿ.ಮೀ. ಗುಂಡು ಇಳಿಯದ ಕಿರಿದಾದ ಸಂದುಗಳಲ್ಲಿ ಮಾತ್ರ ಉಳಿಕೆ ಹೆಚ್ಚಿರುತ್ತದೆ, ಅಲ್ಲಿ ನಯ ಸುತ್ತಿನಲ್ಲೂ ಕೈ ನಿಧಾನ.

ಸಾಲುಗಳ ನಡುವೆ ಉಳಿಯುವ ಏಣಿನ ಎತ್ತರ ಸುಮಾರು: ಅಂತರದ ವರ್ಗ ÷ (8 × ಬಿಟ್ ತ್ರಿಜ್ಯ). 12 ಮಿ.ಮೀ. ಬಿಟ್‌ಗೆ 4 ಮಿ.ಮೀ. ಅಂತರದಲ್ಲಿ 16 ÷ 48 = 0.33 ಮಿ.ಮೀ., ಉಳಿಕೆಯ ಮೇಲಿನ ಏಣಾದ್ದರಿಂದ ಚಿಂತೆಯಿಲ್ಲ. 6 ಮಿ.ಮೀ. ಬಿಟ್, 1 ಮಿ.ಮೀ. ಅಂತರ: 0.04, ಉಪ್ಪುಕಾಗದಕ್ಕೆ ಸಾಕು. ಅಂತರ ದುಪ್ಪಟ್ಟಾದರೆ ಏಣು ನಾಲ್ಕು ಪಟ್ಟು.

ಕೈ ವೇಗ: ಎರಡು ಅಲಗಿನ ಬಿಟ್ ನಿಮಿಷಕ್ಕೆ 18,000 ಸುತ್ತು ತಿರುಗುವಾಗ ಕೈ ನಿಮಿಷಕ್ಕೆ 3 ಮೀಟರ್ ಹೋದರೆ ಪ್ರತಿ ಅಲಗಿಗೆ 0.083 ಮಿ.ಮೀ. ಕಡಿತ. 1 ಮೀಟರ್ ಹೋದರೆ 0.028, ಆಗ ಅಲಗು ಕಡಿಯುವ ಬದಲು ಉಜ್ಜಿ ಮರ ಸುಟ್ಟುಕೊಳ್ಳುತ್ತದೆ. ಕೈ ಓಡದಿದ್ದರೆ ರೌಟರ್ ವೇಗ ಇಳಿಸಿ.

ಪ್ರತಿತೂಕ: ರೌಟರಿನಷ್ಟೇ ತೂಕವನ್ನು ಅಷ್ಟೇ ದೂರದಲ್ಲಿ ಕಟ್ಟಿದರೆ ತೋಳು ಸಮತೂಕಕ್ಕೆ ಬರುತ್ತದೆ ನಿಜ, ಆದರೆ ಜಡತ್ವ ಎರಡು ಪಟ್ಟು. ದುಪ್ಪಟ್ಟು ತೂಕವನ್ನು ಅರ್ಧ ದೂರದಲ್ಲಿ ಕಟ್ಟಿದರೆ ಒಂದೂವರೆ ಪಟ್ಟು ಮಾತ್ರ. ಕೈ ಬೇಗ ತಿರುಗಿಸುವವರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ದುಂಡು ಕೆಲಸಕ್ಕೆ ಮಾದರಿ, ಮರ ಎರಡನ್ನೂ ಚೈನಿನಲ್ಲಿ ಒಟ್ಟಿಗೆ ತಿರುಗಿಸುತ್ತಾರೆ, ಎರಡೂ ಕಡೆ ಹಲ್ಲುಚಕ್ರ ಒಂದೇ ಅಳತೆ. (ಮಾದರಿ ನೋಡಿ ಬಂದೂಕಿನ ಹಿಡಿ ಕೊರೆಯುವ ಲೇತನ್ನು ಥಾಮಸ್ ಬ್ಲ್ಯಾಂಚರ್ಡ್ 1819ರಲ್ಲೇ ಮಾಡಿದ್ದ.) ಚೈನಿನ 1 ಡಿಗ್ರಿ ಸಡಿಲ 50 ಮಿ.ಮೀ. ತ್ರಿಜ್ಯದಲ್ಲಿ 0.87 ಮಿ.ಮೀ. ಆಗುತ್ತದೆ. ಒರಟು ಸುತ್ತಿನಲ್ಲಿ ಅದನ್ನು ಉಳಿಕೆ ನುಂಗುತ್ತದೆ, ನಯ ಸುತ್ತಿನಲ್ಲಿ ಕಣ್ಣಿಗೆ ರಾಚುತ್ತದೆ. ಹಾಗಾಗಿ ನಯ ಸುತ್ತಿನಲ್ಲಿ ಸದಾ ಒಂದೇ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ಸಡಿಲವೆಲ್ಲ ಒಂದೇ ಬದಿಗೆ ಸೇರಿಕೊಳ್ಳಲಿ.