ಟಿಳಕವಾಡಿಯ ಬಯಲನ್ನು ಕಾಯ್ದ ಬಾವಿ

ಬೆಳಗಾವಿಯ ಟಿಳಕವಾಡಿಯಲ್ಲಿರುವ ವೀರಸೌಧದ ಆವರಣವನ್ನು ಬಹಳ ಮಂದಿ ಗಾಂಧೀಜಿಯವರ ಸ್ಮಾರಕವೆಂದೇ ನೋಡುತ್ತಾರೆ. ನಗರ ಯೋಜನೆಯ ಕೆಲಸದಲ್ಲಿರುವ ನನ್ನ ಕಣ್ಣು ಮಾತ್ರ ಮೊದಲು ಅಲ್ಲಿನ ಕಾಂಗ್ರೆಸ್ ಬಾವಿಯ ಕಡೆಗೇ ಹೋಗುತ್ತದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್ 26 ಮತ್ತು 27ರಂದು ಈ ಬಯಲಿನಲ್ಲೇ ನಡೆಯಿತು. ಅದಕ್ಕಾಗಿ ಎದ್ದು ನಿಂತಿದ್ದ ಒಂದು ಇಡೀ ಊರಿನ ಪೈಕಿ ನೆಲದಲ್ಲಿ ಉಳಿದುಕೊಂಡದ್ದು ಈ ಬಾವಿ.

ಊರು ಎಂದರೆ ಅತಿಶಯೋಕ್ತಿಯಲ್ಲ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳತ್ವದಲ್ಲಿ ಸಿದ್ಧವಾದ ಆ ನೆಲೆಗೆ ವಿಜಯನಗರ ಎಂದು ಹೆಸರಿಟ್ಟು, ಹಂಪಿಯ ಗೋಪುರದ ಮಾದರಿಯಲ್ಲಿ ಮಹಾದ್ವಾರ ನಿಲ್ಲಿಸಿದ್ದರು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಹಾಡಿದ್ದೂ ಇಲ್ಲಿಯೇ. ಆದರೆ ಸಾವಿರಾರು ಜನರಿಗೆ ಕುಡಿಯಲು, ಸ್ನಾನಕ್ಕೆ, ಅಡುಗೆಗೆ ನೀರು ಎಲ್ಲಿಂದ ತರುವುದು? ಆಗಿನ ಬೆಳಗಾವಿ ಬಾವಿ ನೀರನ್ನೇ ನಂಬಿದ್ದ ಊರು. ಹಾಗಾಗಿ 4,370 ರೂಪಾಯಿ 3 ಆಣೆ ಖರ್ಚು ಮಾಡಿ ಹೊಸ ಬಾವಿ ತೋಡಿಸಿ, ಅದಕ್ಕೆ ಪಂಪಾ ಸರೋವರ ಎಂದು ಕರೆದರು. ಮಂಟಪ, ಗುಡಾರ, ಮಹಾದ್ವಾರ ಎಲ್ಲವೂ ಬಿಚ್ಚಿ ಒಯ್ಯುವಂಥವು. ತೋಡಿದ ಬಾವಿಯನ್ನು ಹೊತ್ತೊಯ್ಯಲು ಬರುವುದಿಲ್ಲ.

ಬಯಲು ಬಯಲಾಗಿಯೇ ಉಳಿಯಲು ಇದೇ ಕಾರಣವೆಂಬುದು ನನ್ನ ಅಂದಾಜು. ಜನ ನೀರು ಸೇದುವ ಬಾವಿಗೆ ಸುತ್ತಲೂ ಕಟ್ಟೆ ಬೇಕು, ಕೊಡ ಇಡಲು ಜಾಗ ಬೇಕು, ಚೆಲ್ಲಿದ ನೀರು ಹರಿದುಹೋಗಲು ಇಳಿಜಾರು ಬೇಕು, ನಾಲ್ಕೂ ಕಡೆಯಿಂದ ದಾರಿ ಬೇಕು. ಇಷ್ಟು ಬಿಟ್ಟ ಮೇಲೆ ಅದು ತಾನಾಗಿಯೇ ಚೌಕವಾಗುತ್ತದೆ. ಹಳೆಯ ಬಾವಿಯನ್ನು ಪರಿಶೀಲಿಸುವಾಗ ನಾನು ಮೊದಲು ಬಾಯಿಯ ಕಲ್ಲಿನ ಅಂಚನ್ನು ಕೈಯಿಂದ ಸವರಿ ನೋಡುತ್ತೇನೆ. ಹಗ್ಗ ತಿಕ್ಕಿ ಬಿದ್ದ ಗೀರುಗಳು ಯಾವ ಬದಿಗೆ ಹೆಚ್ಚಿವೆಯೋ ಆ ಬದಿಗೆ ಹಿಂದೆ ಜನವಸತಿ ದಟ್ಟವಾಗಿತ್ತೆಂದು ಊಹಿಸಬಹುದು. ಕಡತಗಳಲ್ಲಿ ಇಂಥ ಮಾಹಿತಿ ಸಿಗುವುದು ಅಪರೂಪ.

1962ರಲ್ಲಿ ರಾಕಸಕೊಪ್ಪ ಜಲಾಶಯದ ನೀರು ನಲ್ಲಿಗೆ ಬಂದ ಮೇಲೆ ನಗರದ ಬಾವಿಗಳು ಒಂದೊಂದಾಗಿ ಕಸದ ಗುಂಡಿಗಳಾದವು. 1995ರ ಬರಗಾಲದಲ್ಲಿ ಜಲಾಶಯ ಬತ್ತಿದಾಗ ನಗರಪಾಲಿಕೆ ಭೂವಿಜ್ಞಾನಿಗಳ ಸಲಹೆ ಪಡೆದು ಹಳೆಯ ಬಾವಿಗಳ ಹೂಳೆತ್ತಿಸಿತು; ಕಾಂಗ್ರೆಸ್ ಬಾವಿಯೂ ಹಾಗೆಯೇ ಮತ್ತೆ ಬಳಕೆಗೆ ಬಂತು. ಬೆಳಗಾವಿಯ ಜಂಬಿಟ್ಟಿಗೆ ನೆಲ ಮಳೆನೀರನ್ನು ಬೇಗ ಒಳಗೆ ಬಿಟ್ಟುಕೊಳ್ಳುವುದರಿಂದ, ಹೂಳು ತೆಗೆದ ಬಾವಿ ಮಳೆಗಾಲದಲ್ಲಿ ಸಲೀಸಾಗಿ ತುಂಬಿಕೊಳ್ಳುತ್ತದೆ.

ಈಗ ಚೌಕಗಳ ಸೌಂದರ್ಯೀಕರಣವೆಂದರೆ ನೆಲಕ್ಕೆಲ್ಲ ಇಂಟರ್‌ಲಾಕ್ ಬ್ಲಾಕ್ ಹಾಸುವುದೆಂಬ ತಿಳಿವಳಿಕೆ ಗಟ್ಟಿಯಾಗಿದೆ. ಅಡಿಗೆ ಕಾಂಕ್ರೀಟ್ ಸುರಿದು ಮೇಲೆ ಬ್ಲಾಕ್ ಕೂರಿಸಿದರೆ ನೀರು ಇಂಗುವ ದಾರಿ ಅಲ್ಲಿಗೇ ಮುಚ್ಚಿತು. ಬಾವಿಯಿರುವ ಆವರಣದಲ್ಲಿ ನಡೆದಾಡುವ ದಾರಿಗಷ್ಟೇ ಮರಳಿನ ಮೇಲೆ ಕಲ್ಲು ಹಾಸಿ, ಉಳಿದ ನೆಲವನ್ನು ಹುಲ್ಲಿಗೆ, ಮರಕ್ಕೆ ಬಿಡಬೇಕು. ಮೇ ಕೊನೆಗೊಮ್ಮೆ, ಮಳೆ ಮುಗಿದ ಮೇಲೆ ಅಕ್ಟೋಬರಿನಲ್ಲೊಮ್ಮೆ ನೀರಿನ ಮಟ್ಟ ಅಳೆದು ಬಾವಿಯ ಬಳಿಯ ಫಲಕದಲ್ಲಿ ಬರೆಸಿದರೆ, ಮಾಡಿದ ಕಾಮಗಾರಿಯಿಂದ ಬಾವಿಗೆ ಅನುಕೂಲವಾಯಿತೋ ತೊಂದರೆಯಾಯಿತೋ ಎಂಬುದು ಓಣಿಯವರಿಗೇ ಗೊತ್ತಾಗುತ್ತದೆ.