ಬೇಗ ದಾಟಿದರೆ ಬೆನ್ನು ಉಳಿಯುವುದಿಲ್ಲ

ಕೆಟ್ಟ ರಸ್ತೆಯನ್ನು ಆದಷ್ಟು ಬೇಗ ದಾಟಿಬಿಟ್ಟರೆ ಬೆನ್ನಿಗೆ ಬೀಳುವ ಪೆಟ್ಟು ಕಡಿಮೆ ಎಂದು ಲಾರಿ ಚಾಲಕರು ನಂಬಿದ್ದಾರೆ. ಅವರ ಮೇಲ್ವಿಚಾರಕರೂ ಅದನ್ನೇ ನಂಬಿದ್ದಾರೆ. ‘ನಿಧಾನ ಹೋದರೆ ಹೆಚ್ಚು ಹೊತ್ತು ಕುಲುಕಿಸಿಕೊಳ್ಳಬೇಕಲ್ಲ ಸಾರ್?’ ಎಂದು ನನ್ನನ್ನೇ ಕೇಳುತ್ತಾರೆ. ಆಸನದ ಮೇಲೆ ಮಾಪಕದ ಬಿಲ್ಲೆ ಇಟ್ಟು, ಚಾಲಕನ ಮೈಗೆ ಎಷ್ಟು ಕಂಪನ ತಲುಪುತ್ತದೆ ಎಂದು ಅಳೆಯುವುದು ನನ್ನ ವೃತ್ತಿ. ಹೋದಲ್ಲೆಲ್ಲ ಈ ಪ್ರಶ್ನೆ ಎದುರಾಗುವುದರಿಂದ ಇದೊಂದನ್ನು ಇಲ್ಲಿ ಪೂರ್ತಿ ಬಿಡಿಸಿ ಹೇಳುತ್ತೇನೆ.

ದಿನದ ಕಂಪನದ ಲೆಕ್ಕ ಬರೀ ಸರಾಸರಿಯಲ್ಲ. ಕಂಪನದ ತೀವ್ರತೆಯನ್ನು ಮೊದಲು ವರ್ಗ ಮಾಡುತ್ತೇವೆ, ಆಮೇಲೆ ಗಂಟೆಗಳಿಂದ ಗುಣಿಸುತ್ತೇವೆ; ಹೀಗೆ ಬರುವುದೇ ಮೈ ಮೇಲಿನ ಹೊರೆ. ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 2631-1 ಹೇಳುವ ಮೂಲ ವಿಧಾನ ಇದೇ. ತೀವ್ರತೆ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು. ಸಮಯ ಎರಡು ಪಟ್ಟಾದರೆ ಹೊರೆ ಎರಡೇ ಪಟ್ಟು. ಇಡೀ ವಿಷಯದ ತಿರುಳು ಈ ವ್ಯತ್ಯಾಸದಲ್ಲಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಾಲಕರೊಬ್ಬರು 7 ಗಂಟೆ ಒಳ್ಳೆಯ ರಸ್ತೆಯಲ್ಲಿ, 1 ಗಂಟೆ ಕೆಟ್ಟ ರಸ್ತೆಯಲ್ಲಿ ಓಡಿಸುತ್ತಾರೆ ಎನ್ನಿ. ಒಳ್ಳೆಯ ರಸ್ತೆಯಲ್ಲಿ ಆಸನದ ಕಂಪನ 0.4 ಮೀಟರ್/ಸೆಕೆಂಡ್², ಕೆಟ್ಟದ್ದರಲ್ಲಿ 1.2. ಒಳ್ಳೆಯ ರಸ್ತೆಯ 7 ಗಂಟೆಗಳ ಹೊರೆ 1.12, ಕೆಟ್ಟ ರಸ್ತೆಯ ಆ ಒಂದೇ ಗಂಟೆಯದು 1.44. ದಿನದ ಎಂಟನೇ ಒಂದು ಭಾಗ ಅರ್ಧಕ್ಕಿಂತ ಹೆಚ್ಚು ಹೊರೆಯನ್ನು ತಂದು ಹಾಕಿತು. ಎರಡನ್ನೂ ಕೂಡಿಸಿ 8 ಗಂಟೆಗೆ ಹಂಚಿ ವರ್ಗಮೂಲ ತೆಗೆದರೆ 0.57 ಬರುತ್ತದೆ. ಯೂರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ 0.5 ಎಂಬ ಗೆರೆ ಎಳೆದಿದೆ. ಅದನ್ನು ದಾಟಿದರೆ ಕಂಪನ ತಗ್ಗಿಸಲು ಮಾಲೀಕ ಕ್ರಮ ಕೈಗೊಳ್ಳಬೇಕು. ಯಾವ ಕಾರಣಕ್ಕೂ ಮೀರಬಾರದ ಮಿತಿ 1.15.

ಈಗ ಅದೇ ಕೆಟ್ಟ ರಸ್ತೆಯಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿ. ಕಂಪನವೂ ಅರ್ಧವಾಗಿ 0.6ಕ್ಕೆ ಬಂತು, ದಾಟಲು 2 ಗಂಟೆ ಹಿಡಿಯಿತು ಎಂದುಕೊಳ್ಳಿ. ಆ ಭಾಗದ ಹೊರೆ 0.72, ಅಂದರೆ ಮೊದಲಿನ ಅರ್ಧ. ಕೆಲಸದ ದಿನ ಒಂದು ಗಂಟೆ ಉದ್ದವಾದರೂ (ಹಂಚುವುದು ಆಗಲೂ 8 ಗಂಟೆಗೇ) ಒಟ್ಟು ಲೆಕ್ಕ 0.48ಕ್ಕೆ ಇಳಿಯುತ್ತದೆ.

ವೇಗ ಅರ್ಧವಾದರೆ ಕಂಪನ ಅರ್ಧವಾಗಿಯೇ ತೀರುತ್ತದೆ ಎಂದು ನಾನು ಖಾತರಿ ಕೊಡುವುದಿಲ್ಲ. ರಸ್ತೆಯ ಏರುಪೇರಿನ ಸ್ವರೂಪ, ಲಾರಿಯ ಭಾರ, ಸಸ್ಪೆನ್ಷನ್ ಎಲ್ಲವೂ ಇದರಲ್ಲಿ ಪಾಲು ಪಡೆಯುತ್ತವೆ. ಕಂಪನ ಶೇಕಡಾ 30ರಷ್ಟು ಮಾತ್ರ ಇಳಿದರೆ ಈ ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಆದರೆ ಗುಂಡಿಗಳಲ್ಲಿ ಬೀಳುವ ಬಿಡಿ ಬಿಡಿ ಹೊಡೆತಗಳಿಗೆ ಬೇರೆ ಲೆಕ್ಕವಿದೆ. ಅಲ್ಲಿ ತೀವ್ರತೆಯ ನಾಲ್ಕನೇ ಘಾತ ತೆಗೆಯುತ್ತೇವೆ. ಅದೇ 30ರ ಇಳಿಕೆ, ಸಮಯ ಎರಡು ಪಟ್ಟಾದರೂ, ಆ ಘಾತಗಳ ಮೊತ್ತವನ್ನು ಅರ್ಧಕ್ಕೆ ತರುತ್ತದೆ. ಸೊಂಟದ ಕಶೇರುಕಗಳ ನಡುವಿನ ಬಿಲ್ಲೆಗಳ ವಿಷಯದಲ್ಲಿ ನಾನು ಹೆಚ್ಚು ಹೆದರುವುದು ಈ ಹೊಡೆತಗಳಿಗೇ.

ಇಲ್ಲಿ ಅನುಭವಿ ಚಾಲಕರು ಒಂದು ತಕರಾರು ಎತ್ತುತ್ತಾರೆ. ಅದು ಹುರುಳಿಲ್ಲದ ತಕರಾರಲ್ಲ. ಅಲೆ ಅಲೆಯಾಗಿ ಎದ್ದ ಮಣ್ಣಿನ ರಸ್ತೆಯಲ್ಲಿ ವೇಗ ಹೆಚ್ಚಿಸಿದರೆ ಒಂದು ಹಂತದಲ್ಲಿ ಗಾಡಿ ತೇಲಿದಂತೆ ನಯವಾಗುತ್ತದೆ ಎನ್ನುತ್ತಾರೆ. ನಿಜ, ಚಕ್ರಗಳು ಅಲೆಗಳ ತುದಿಯನ್ನಷ್ಟೇ ಮುಟ್ಟುತ್ತ ಹೋಗುತ್ತವೆ. ಆದರೆ ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. ಬೆನ್ನು ಉಳಿಸಲು ಹೋಗಿ ಪ್ರಾಣವನ್ನು ಒತ್ತೆಯಿಡುವ ಆ ದಾರಿಯನ್ನು ನಾನು ಯಾರಿಗೂ ಹೇಳಲಾರೆ. ಹಾಗೆಂದು ಅಲೆಗಳ ಮೇಲೆ ಎಲ್ಲ ನಿಧಾನವೂ ಒಂದೇ ಅಲ್ಲ. ಕುಳಿತ ಮನುಷ್ಯನ ದೇಹ ಸೆಕೆಂಡಿಗೆ 4ರಿಂದ 8 ಬಾರಿಯ ಮೇಲು-ಕೆಳಗಿನ ಕುಲುಕಾಟಕ್ಕೆ ಅತಿ ಸೂಕ್ಷ್ಮ. ಅಲೆಗಳ ಅಂತರ 60 ಸೆಂಟಿಮೀಟರ್ ಇದ್ದರೆ, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ನಾಲ್ಕೂವರೆ ಬಾರಿಗಿಂತ ತುಸು ಹೆಚ್ಚೇ ಕುಲುಕುತ್ತದೆ. ವೇಗವನ್ನು ಒಂದೆರಡು ಕಿಲೋಮೀಟರ್ ಅತ್ತಿತ್ತ ಮಾಡಿ ನೋಡಿದರೆ ಮೈಗೇ ಗೊತ್ತಾಗುತ್ತದೆ.

ಇನ್ನು ಟೈರಿನ ಗಾಳಿ. ಗಾಳಿ ತಗ್ಗಿಸಿದರೆ ಪ್ರಯಾಣದ ಸಮಯ ಅಷ್ಟಾಗಿ ಹೆಚ್ಚದೆ ಕಂಪನ ಇಳಿಯುತ್ತದೆ ಎಂಬುದೇ ಅದರ ಆಕರ್ಷಣೆ. ತೀವ್ರತೆ ಶೇಕಡಾ 10 ಇಳಿದರೂ ಆ ಭಾಗದ ಹೊರೆ 19 ಇಳಿಯುತ್ತದೆ. ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಲೀಫ್ ಸ್ಪ್ರಿಂಗಿನ ಲಾರಿಗಳಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಸಣ್ಣ ಕಲ್ಲು, ಸಣ್ಣ ಏರುಪೇರುಗಳಿಗೆ ಆ ಪಟ್ಟಿಗಳು ಪರಸ್ಪರ ಘರ್ಷಣೆಯಿಂದ ಬಿಗಿದುಕೊಂಡು ಅಲುಗುವುದೇ ಇಲ್ಲ. ಆಗ ನೆಲಕ್ಕೂ ಚಾಲಕನಿಗೂ ನಡುವೆ ಬಾಗುವ ವಸ್ತು ಎಂದರೆ ಟೈರು, ಅದು ಬಿಟ್ಟರೆ ಆಸನ. ಪೂರ್ಣ ಲೋಡಿಗೆ ತುಂಬಿಸಿದ ಗಾಳಿಯಲ್ಲೇ ಖಾಲಿ ಲಾರಿಯನ್ನು ಜಲ್ಲಿ ರಸ್ತೆಗೆ ಇಳಿಸಿದಾಗ ಚಾಲಕರು ‘ಖಾಲಿ ಗಾಡಿಯೇ ಹೆಚ್ಚು ಹೊಡೆಯುತ್ತದೆ’ ಎನ್ನುವುದು ಇದಕ್ಕೇ. ಅವರ ಮಾತು ಸರಿ, ನನ್ನ ಮಾಪಕವೂ ಅದನ್ನೇ ತೋರಿಸುತ್ತದೆ.

ಆದರೆ ದಯವಿಟ್ಟು ಇದನ್ನು ಓದಿ ನಾಳೆ ಬೆಳಿಗ್ಗೆ ವಾಲ್ವ್ ಒತ್ತಿ ಅಂದಾಜಿನಲ್ಲಿ ಗಾಳಿ ಬಿಡಬೇಡಿ. ಎಷ್ಟು ಭಾರಕ್ಕೆ, ಎಷ್ಟು ವೇಗಕ್ಕೆ ಎಷ್ಟು ಗಾಳಿ ಎಂಬ ಕೋಷ್ಟಕವನ್ನು ಟೈರು ತಯಾರಕರೇ ಕೊಡುತ್ತಾರೆ. ಅದಕ್ಕಿಂತ ಕೆಳಗೆ ಹೋದರೆ ಟೈರಿನ ಪಕ್ಕದ ಗೋಡೆ ಮಡಚಿ ಮಡಚಿ ಕಾದು ಸಿಡಿಯಬಹುದು. ಓಡಿ ಬಿಸಿಯಾದ ಟೈರಿನಲ್ಲಿ ಒತ್ತಡ ಹೆಚ್ಚು ತೋರಿಸುವುದು ಸಹಜ. ಅದನ್ನು ನೋಡಿ ಗಾಳಿ ಇಳಿಸಿದರೆ ತಣ್ಣಗಾದ ಮೇಲೆ ಕೊರತೆಯಾಗುತ್ತದೆ. ಜೋಡಿ ಚಕ್ರಗಳಲ್ಲಿ ಒಂದರಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಇದ್ದರೆ ಭಾರವೆಲ್ಲ ಒಂದರ ಮೇಲೆ ಬೀಳುತ್ತದೆ. ಕಾಡಿನ ಮರ ಸಾಗಿಸುವ ಕೆಲವು ಲಾರಿಗಳಲ್ಲಿ ಕ್ಯಾಬಿನ್ನಿನಿಂದಲೇ ಗಾಳಿ ಇಳಿಸಿ ಏರಿಸುವ ವ್ಯವಸ್ಥೆ ಇರುತ್ತದೆ. ಅದಿದ್ದವರು ಧಾರಾಳವಾಗಿ ಬಳಸಲಿ. ಇಲ್ಲದವರು ಮತ್ತೆ ಗಾಳಿ ತುಂಬಿಸಿಕೊಳ್ಳುವ ಏರ್ಪಾಡಿಲ್ಲದೆ ಹೆದ್ದಾರಿಗೆ ಮರಳುವುದಾದರೆ ಗಾಳಿ ಮುಟ್ಟದಿರುವುದೇ ಮೇಲು. ದೊಡ್ಡ ಗುಂಡಿಗಳಿಗಂತೂ ಗಾಳಿ ಇಳಿಸುವುದು ಮದ್ದೇ ಅಲ್ಲ, ಅಲ್ಲಿ ವೇಗವೇ ಮಾತಾಡುತ್ತದೆ.

ಆಸನದ ಬಗ್ಗೆಯೂ ಹೇಳಲೇಬೇಕು. ಒಮ್ಮೆ ಹೊಸ ಏರ್ ಸಸ್ಪೆನ್ಷನ್ ಆಸನಗಳನ್ನು ಹಾಕಿಸಿದ ಮೇಲೂ ಚಾಲಕರ ದೂರು ನಿಂತಿಲ್ಲವೆಂದು ನನ್ನನ್ನು ಕರೆದಿದ್ದರು. ನೋಡಿದರೆ ಹಿರಿಯ ಚಾಲಕರೊಬ್ಬರು ಆಸನದ ಚಲನೆಗೆ ಬೀಗ ಹಾಕಿ, ಮೇಲೆ ದಪ್ಪ ಸ್ಪಂಜಿನ ದಿಂಬು ಇಟ್ಟುಕೊಂಡಿದ್ದರು. ‘ಬಿಟ್ಟರೆ ತಳಕ್ಕೆ ಹೋಗಿ ಹೊಡೆಯುತ್ತದೆ’ ಎಂದರು. ಆಸನವನ್ನು ಅವರ ತೂಕಕ್ಕೆ ಹೊಂದಿಸುವುದನ್ನು ಯಾರೂ ಅವರಿಗೆ ತೋರಿಸಿರಲಿಲ್ಲ. ಅಷ್ಟು ಹಣ ಸುರಿದವರು ಚಾಲಕರ ಜೊತೆ ಹತ್ತು ನಿಮಿಷ ಕೂರಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಹೊಂದಿಸಿದ ಮೇಲೆ ಆಸನ ತನ್ನ ಓಡಾಟದ ನಡುಮಟ್ಟದಲ್ಲಿ ನಿಲ್ಲಬೇಕು, ಅಷ್ಟೆ. ಸ್ಪಂಜಾದರೋ ಸೆಕೆಂಡಿಗೆ ನಾಲ್ಕು ಬಾರಿಯ ಸುತ್ತಮುತ್ತಲ ಕಂಪನವನ್ನು ತಗ್ಗಿಸುವ ಬದಲು ಹೆಚ್ಚಿಸಬಹುದು.

ಬೆನ್ನುನೋವಿಗೆಲ್ಲ ಕಂಪನವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಗಂಟೆಗಟ್ಟಲೆ ಕೂರುವುದು, ಬಾಗಿ ತಿರುಗುವುದು, ಇಳಿದ ಕೂಡಲೇ ಮೂಟೆ ಎತ್ತುವುದು, ಎಲ್ಲವೂ ಸೇರುತ್ತವೆ. ದೀರ್ಘ ಚಾಲನೆಯ ಬಳಿಕ ಕೆಲವು ನಿಮಿಷ ನಡೆದಾಡಿ ಆಮೇಲೆ ಭಾರಕ್ಕೆ ಕೈ ಹಾಕಿ. ನೋವು ಕಾಲಿಗೆ ಹರಿದರೆ, ಮರಗಟ್ಟಿದರೆ ವೈದ್ಯರನ್ನು ಕಾಣಿ. ಮೂತ್ರದ ಹಿಡಿತ ತಪ್ಪಿದರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊನೆಯ ಮಾತು ಮಾಲೀಕರಿಗೆ. ಟ್ರಿಪ್ಪಿಗೆ ಇಷ್ಟೆಂದು ಕೂಲಿ ಕೊಟ್ಟು, ತಲುಪುವ ಸಮಯವನ್ನು ಡಾಂಬರು ರಸ್ತೆಯ ವೇಗದಲ್ಲಿ ಲೆಕ್ಕ ಹಾಕಿ, ಚಾಲಕನಿಗೆ ‘ನಿಧಾನ ಹೋಗು’ ಎಂದರೆ ಅವನು ಹೋಗುವುದಾದರೂ ಹೇಗೆ? ಕೆಟ್ಟ ಭಾಗಕ್ಕೆ ಬೇಕಾದ ಹೆಚ್ಚುವರಿ ಸಮಯವನ್ನು ವೇಳಾಪಟ್ಟಿಯಲ್ಲೇ ಬರೆಯಿರಿ, ಆ ಸಮಯಕ್ಕೂ ಕೂಲಿ ಕೊಡಿ. ಗಣಿಯೊಳಗಿನ, ಕ್ವಾರಿಯೊಳಗಿನ ರಸ್ತೆ ನಿಮ್ಮದೇ ಆಗಿದ್ದರೆ ಆಸನ ಬದಲಿಸುವ ಮುನ್ನ ಗ್ರೇಡರ್ ಓಡಿಸಿ ಅದನ್ನು ಸಮ ಮಾಡಿಸಿ, ಮತ್ತೆ ಅಲೆ ಏಳುವ ಮೊದಲೇ ಇನ್ನೊಮ್ಮೆ ಓಡಿಸಿ.