ಗಲ್ಫಿಗೆ ಹೊರಟವರ ಮೊಬೈಲ್ ಡೇಟಾ: ರೋಮಿಂಗೋ, ಇ-ಸಿಮ್ಮೋ, ಅಲ್ಲಿಯ ಸಿಮ್ಮೋ?

ಪ್ರಶ್ನೆ: ಮಗಳು, ಅಳಿಯ ಶಾರ್ಜಾದಲ್ಲಿದ್ದಾರೆ. ಮಗಳ ಬಾಣಂತನಕ್ಕೆಂದು ನಾವಿಬ್ಬರೂ ಒಂದು ತಿಂಗಳ ಮಟ್ಟಿಗೆ ಹೊರಟಿದ್ದೇವೆ. ಮಂಗಳೂರಿನಿಂದ ವಿಮಾನ. ಈಗಿರುವ ಸಿಮ್ಮಿಗೇ ರೋಮಿಂಗ್ ಪ್ಯಾಕ್ ಹಾಕಿಸಿದರೆ ಸಾಕೇ? ಕಡಿಮೆ ಖರ್ಚಿನದ್ದು ಯಾವುದು? – ಬದಿಯಡ್ಕದ ಓದುಗರು

ಉತ್ತರ: ನಾಲ್ಕು ದಿನದ ಪ್ರವಾಸವಾಗಿದ್ದರೆ ರೋಮಿಂಗ್ ಪ್ಯಾಕ್ ಸಾಕು, ತಲೆನೋವೂ ಇಲ್ಲ. ಇಡೀ ತಿಂಗಳಿಗೆ, ಅದೂ ಇಬ್ಬರಿಗೆ, ಅದು ದುಬಾರಿ. ಮಗಳ ಮನೆಯಲ್ಲಿ ವೈಫೈ ಇದ್ದೇ ಇರುತ್ತದೆ. ಡೇಟಾ ಬೇಕಾಗುವುದು ಆಸ್ಪತ್ರೆಗೆ, ಅಂಗಡಿಗೆ ಹೊರಬಿದ್ದಾಗ ಮಾತ್ರ. ದಾರಿ ತೋರಿಸುವ ಮ್ಯಾಪಿಗೆ ಗಂಟೆಗೆ ಕೆಲವೇ ಎಂಬಿ ಸಾಕು. ಇಂಟರ್ನೆಟ್ ಮೂಲಕ ಬರೀ ಮಾತಾಡಿದರೆ ನಿಮಿಷಕ್ಕೆ ಹೆಚ್ಚೆಂದರೆ ಒಂದು ಎಂಬಿ, ವಿಡಿಯೋ ಕರೆಗೆ ಸುಮಾರು 5 ಎಂಬಿ. ಯೂಟ್ಯೂಬ್ ಮಾತ್ರ ಸಾಧಾರಣ ಗುಣಮಟ್ಟದಲ್ಲೂ ಒಂದು ಗಂಟೆಗೆ ಅರ್ಧ ಜಿಬಿ ನುಂಗುತ್ತದೆ. ಅದನ್ನು ಮನೆಗೆ ಬಿಟ್ಟರೆ ತಿಂಗಳಿಗೆ 3ರಿಂದ 5 ಜಿಬಿ ಧಾರಾಳ. ಜೊತೆಯಲ್ಲೇ ಓಡಾಡುವುದಾದರೆ ಒಬ್ಬರು ಕೊಂಡು ಇನ್ನೊಬ್ಬರಿಗೆ ಹಾಟ್‌ಸ್ಪಾಟ್ ಕೊಟ್ಟರಾಯಿತು.

ಹಾಗೆಂದು ಊರಿನ ಸಿಮ್ ತೆಗೆದು ಪರ್ಸಿಗೆ ಹಾಕಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲು ಅಂತರರಾಷ್ಟ್ರೀಯ ರೋಮಿಂಗ್ ಸೇವೆಯನ್ನು ಚಾಲೂ ಮಾಡಿಸಿ, ಫೋನಿನ ಸೆಟ್ಟಿಂಗಿನಲ್ಲಿ ಆ ಸಿಮ್ಮಿನ ‘ಡೇಟಾ ರೋಮಿಂಗ್’ ಆಫ್ ಮಾಡಿ. ಎರಡೂ ಬೇರೆ ಬೇರೆ: ಮೊದಲನೆಯದರಿಂದ ಸಿಗ್ನಲ್ ಸಿಗುತ್ತದೆ, ಎರಡನೆಯದನ್ನು ಆಫ್ ಮಾಡಿದರೆ ಡೇಟಾದ ಬಿಲ್ ನಿಲ್ಲುತ್ತದೆ. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಬರುವ ಕರೆ ಎತ್ತಿದರೆ ಮಾತ್ರ ದುಡ್ಡು ಹೋಗುತ್ತದೆ, ಸಾಲ ಬೇಕೇ ಎಂದು ಕೇಳುವವರ ಕರೆಯಾದರೂ. ಇನ್ನೊಂದು ವಿಷಯ ಹೆಚ್ಚಿನವರಿಗೆ ಮರೆತೇ ಹೋಗುತ್ತದೆ: ಪ್ರೀಪೇಯ್ಡ್ ಸಿಮ್ಮಿನ ಮಾಮೂಲಿ ರೀಚಾರ್ಜ್ ನಡುವೆ ಮುಗಿದರೆ ಒಟಿಪಿಯೂ ನಿಲ್ಲಬಹುದು. ನೀವು ವಾಪಸು ಬಂದು ಒಂದು ವಾರದವರೆಗಾದರೂ ಅವಧಿ ಇರುವಂತೆ ಮೊದಲೇ ಹಾಕಿಸಿಕೊಳ್ಳಿ.

ಡೇಟಾಕ್ಕೆ ನಿಮಗೆ ಒಪ್ಪುವುದು ಪ್ರವಾಸಿ ಇ-ಸಿಮ್, ಅಂದರೆ ಚಿಪ್ಪಿನ ಬದಲು ಕ್ಯೂಆರ್ ಕೋಡಿನಿಂದ ಫೋನಿನೊಳಗೇ ಅಳವಡಿಸುವ ಸಿಮ್. *#06# ಒತ್ತಿ ನೋಡಿ; ಐಎಂಇಐ ಜೊತೆ ಇಐಡಿ ಎಂಬ ಉದ್ದದ ಸಂಖ್ಯೆ ಕಾಣಿಸಿದರೆ ನಿಮ್ಮ ಫೋನಿನಲ್ಲಿ ಇ-ಸಿಮ್ ನಡೆಯುತ್ತದೆ. ಐಫೋನಿನಲ್ಲಿ ಈ ಸೌಲಭ್ಯ ಶುರುವಾದದ್ದು 2018ರ ಎಕ್ಸ್‌ಎಸ್, ಎಕ್ಸ್‌ಆರ್ ಮಾದರಿಗಳಿಂದ. ವಿದೇಶದಿಂದ ಯಾರೋ ತಂದುಕೊಟ್ಟ ಫೋನಾದರೆ ಅದು ಒಂದೇ ಕಂಪನಿಗೆ ಲಾಕ್ ಆಗಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಇ-ಸಿಮ್ ಅಳವಡಿಸಲು ಇಂಟರ್ನೆಟ್ ಬೇಕು, ಆದ್ದರಿಂದ ಆ ಕೆಲಸ ಊರಲ್ಲೇ ಮುಗಿಯಲಿ. ಕ್ಯೂಆರ್ ಕೋಡ್ ಅದೇ ಫೋನಿಗೆ ಬಂದರೆ ಸ್ಕ್ಯಾನ್ ಮಾಡುವುದು ಹೇಗೆ? ಮನೆಯವರ ಫೋನಿಗೆ ಕಳುಹಿಸಿ, ಅದರ ಪರದೆಯಿಂದ ಸ್ಕ್ಯಾನ್ ಮಾಡಿ. ಹೆಚ್ಚಿನ ಕೋಡುಗಳು ಒಂದೇ ಸಲಕ್ಕೆ, ಹಾಗಾಗಿ ಹಾಕಿದ ಇ-ಸಿಮ್ ಅಳಿಸಬೇಡಿ. ಅವಧಿ ಎಣಿಕೆ ಅಳವಡಿಸಿದ ದಿನದಿಂದಲೋ, ಅಲ್ಲಿಯ ನೆಟ್‌ವರ್ಕ್ ಹಿಡಿದ ಹೊತ್ತಿನಿಂದಲೋ ಎಂಬುದನ್ನು ಕೊಳ್ಳುವ ಮೊದಲೇ ಓದಿ. ‘ಅನ್‌ಲಿಮಿಟೆಡ್’ ಎಂದಿದ್ದರೆ ದಿನಕ್ಕೆ ಎಷ್ಟು ಜಿಬಿ ಆದಮೇಲೆ ವೇಗ ಕುಸಿಯುತ್ತದೆ ಎಂದು ಹುಡುಕಿ. ಆ ಸಂಖ್ಯೆ ಎಲ್ಲೋ ಕೆಳಗೆ ಸಣ್ಣಕ್ಷರದಲ್ಲಿ ಇರುತ್ತದೆ.

ಇಳಿದ ಮೇಲೆ ಎಡವಟ್ಟಾಗುವುದು ಒಂದೇ ಕಡೆ. ಬಿಲ್ಲಿನ ಹೆದರಿಕೆಯಿಂದ ಇ-ಸಿಮ್ಮಿನ ಡೇಟಾ ರೋಮಿಂಗನ್ನೂ ಆಫ್ ಮಾಡಿಟ್ಟು, ನೆಟ್ ಬರುತ್ತಿಲ್ಲ ಎಂದು ಗೋಳಾಡುತ್ತಾರೆ. ಈ ಇ-ಸಿಮ್ ಸಾಮಾನ್ಯವಾಗಿ ಮೂರನೆಯ ಯಾವುದೋ ದೇಶದ ಕಂಪನಿಯದ್ದು; ಶಾರ್ಜಾದಲ್ಲಿ ಅದೂ ನೆಂಟನೇ. ಆದ್ದರಿಂದ ಅದರ ಡೇಟಾ ರೋಮಿಂಗ್ ಆನ್, ಊರಿನ ಸಿಮ್ಮಿನದ್ದು ಆಫ್. ಮೊಬೈಲ್ ಡೇಟಾ ಯಾವ ಸಿಮ್ಮಿಂದ ಎಂದು ಕೇಳುವಲ್ಲಿ ಇ-ಸಿಮ್ ಆರಿಸಿ. ಐಫೋನಾದರೆ ಅಲ್ಲೇ ಕೆಳಗಿರುವ, ಸಿಮ್ಮಿಂದ ಸಿಮ್ಮಿಗೆ ಡೇಟಾ ತಾನಾಗಿ ಬದಲಿಸುವ ಆಯ್ಕೆಯನ್ನೂ ಆಫ್ ಮಾಡಿ. ವಾಟ್ಸ್‌ಆ್ಯಪ್ ನಂಬರ್ ಬದಲಿಸಬೇಕೇ ಎಂದು ಕೇಳಿದರೆ ಬೇಡವೆನ್ನಿ, ಹಳೆಯ ನಂಬರಿನಲ್ಲೇ ನಡೆಯುತ್ತದೆ.

ಫೋನಿನಲ್ಲಿ ಇ-ಸಿಮ್ ನಡೆಯದಿದ್ದರೆ, ಅಥವಾ ಆಸ್ಪತ್ರೆಯವರು ಕರೆ ಮಾಡಲು ಅಲ್ಲಿಯ ನಂಬರೇ ಬೇಕೆಂದಿದ್ದರೆ, ಎತಿಸಲಾತ್ (ಈಗಿನ ಹೆಸರು e&) ಅಥವಾ ಡು ಕಂಪನಿಯ ಪ್ರವಾಸಿ ಸಿಮ್ ಕೊಳ್ಳಿ. ಪಾಸ್‌ಪೋರ್ಟ್ ಬೇಕು. ಒಂದೇ ಸಿಮ್ ಹಿಡಿಯುವ ಫೋನಾದರೆ ಊರಿನ ಸಿಮ್ಮನ್ನು ಮಗಳ ಮನೆಯಲ್ಲಿರುವ ಯಾವುದಾದರೂ ಹಳೆಯ ಫೋನಿಗೆ ಹಾಕಿಡಿ.

ಯುಎಇಯಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಆದರೆ ಕರೆಗೆ ಅಲ್ಲಿಯ ಕಂಪನಿಗಳ ಜಾಲದಲ್ಲಿ ತಡೆ ಇದೆ. ಮನೆಯ ವೈಫೈಯೂ ಆ ಕಂಪನಿಗಳದ್ದೇ. ಬದಿಯಡ್ಕದಲ್ಲಿರುವವರ ಫೋನಿಗೂ ನಿಮ್ಮದಕ್ಕೂ ಅಲ್ಲಿ ಕರೆಗೆ ಅನುಮತಿಯಿರುವ ಬೋಟಿಮ್ ಆ್ಯಪ್ ಈಗಲೇ ಹಾಕಿಡಿ. ರೋಮಿಂಗ್ ಡೇಟಾ ಸಿಮ್ಮಿನ ಮೂಲ ದೇಶಕ್ಕೆ ಹೋಗಿ ಅಲ್ಲಿಂದ ಇಂಟರ್ನೆಟ್ಟಿಗೆ ಸೇರುವುದರಿಂದ ಇ-ಸಿಮ್ಮಿನಲ್ಲಿ ವಾಟ್ಸ್‌ಆ್ಯಪ್ ಕರೆ ಹೋಗುವುದೂ ಉಂಟು, ನಂಬಿ ಕೂರಬೇಡಿ. ತಡೆ ದಾಟಲು ಬಳಸುವ ವಿಪಿಎನ್ ಆ್ಯಪಿನ ಗೋಜಂತೂ ಬೇಡ: ಅದನ್ನು ಅಪರಾಧಕ್ಕೆ ಬಳಸಿದರೆ ಅಲ್ಲಿಯ 2021ರ ಸೈಬರ್ ಕಾನೂನಿನಲ್ಲಿ ದಂಡ ಶುರುವಾಗುವುದೇ 5 ಲಕ್ಷ ದಿರ್ಹಮ್‌ನಿಂದ.

ಅಳಿಯ ಖೋರ್ ಫಕ್ಕಾನಿಗೋ ಹತ್ತಾಕ್ಕೋ ಕರೆದುಕೊಂಡು ಹೋದರೆ ಒಂದು ಎಚ್ಚರಿಕೆ. ತಲಪಾಡಿಯಲ್ಲಿ ಫೋನು ಕೇರಳದ ಟವರ್ ಬಿಟ್ಟು ಕರ್ನಾಟಕದ್ದನ್ನು ಹಿಡಿದರೆ ನಮಗೆ ಗೊತ್ತೂ ಆಗುವುದಿಲ್ಲ, ಖರ್ಚೂ ಇಲ್ಲ. ಹತ್ತಾ ಇರುವುದು ಒಮಾನ್ ಗಡಿಯಲ್ಲಿ. ಖೋರ್ ಫಕ್ಕಾನ್ ಹತ್ತಿರದ ಮದ್ಹಾ, ಸುತ್ತಲೂ ಯುಎಇ ಇದ್ದರೂ ಒಮಾನಿಗೇ ಸೇರಿದ ತುಂಡು. ಅಲ್ಲಿ ಫೋನು ಒಮಾನಿನ ಟವರ್ ಹಿಡಿದರೆ ಯುಎಇಗೆ ಮಾತ್ರ ಕೊಂಡ ಪ್ಯಾಕ್ ನಡೆಯುವುದಿಲ್ಲ. ನೆಟ್‌ವರ್ಕ್ ಆಯ್ಕೆಯನ್ನು ಆಟೋಮ್ಯಾಟಿಕ್‌ನಿಂದ ತೆಗೆದು ಯುಎಇಯ ಕಂಪನಿಯನ್ನು ಕೈಯಾರೆ ಆರಿಸಿ. ವಿಮಾನದೊಳಗೂ ಇದೇ ಕಥೆ. ಕೆಲವು ವಿಮಾನಗಳಿಗೆ ತಮ್ಮದೇ ಮೊಬೈಲ್ ನೆಟ್‌ವರ್ಕ್ ಇದೆ, ದರ ಕೈಸುಡುವಂಥದ್ದು. ಮಂಗಳೂರಲ್ಲಿ ಹತ್ತಿ ಕೂತ ಕೂಡಲೇ ಫ್ಲೈಟ್ ಮೋಡ್ ಹಾಕಿ, ಇಳಿದು ಬಾಗಿಲು ತೆರೆದ ಮೇಲೆ ತೆಗೆಯಿರಿ.